ದೊಡ್ಡ ಹುಣಸೆಯ ಸಸಿ ಬೇಕಾದವರಿಗೆ

ಮುಂಬಯಿ ಹತ್ತಿರದ ವಸಯಿ ಕೋಟೆಯ ಗೋರಖ್ ಚಿಂಚ್, ಅಂದರೆ ನಮ್ಮ ದೊಡ್ಡ ಹುಣಸೆ (ಬಾವೊಬಾಬ್) ಮರದ ಎದುರು ನಿಂತವರು ಮೊದಲು ಕೇಳುವುದು ಅದರ ವಯಸ್ಸನ್ನು. ಬೊಡ್ಡೆಯ ಗಾತ್ರ ನೋಡಿ ಐನೂರು, ಸಾವಿರ ಎಂದು ತಾವೇ ಹೇಳಿಯೂ ಬಿಡುತ್ತಾರೆ. ಈ ಮರದ ಮಟ್ಟಿಗೆ ಸುತ್ತಳತೆಯ ಲೆಕ್ಕ ನಡೆಯುವುದಿಲ್ಲ. ಒಂದೇ ಕಾಂಡವೆಂದು ನಾವು ಕಾಣುವುದು ಎಷ್ಟೋ ಸಲ ಹಲವು ಕಾಂಡಗಳು ಬೆಸೆದುಕೊಂಡು ಆದದ್ದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ತುಸು ಕುಗ್ಗುತ್ತದೆ. ಜಿಂಬಾಬ್ವೆಯಲ್ಲಿದ್ದ ಇದೇ ಜಾತಿಯ ಪಾಂಕೆ ಎಂಬ ಮರ ಸುಮಾರು 2,450 ವರ್ಷ ಬಾಳಿತ್ತೆಂದು ಗೊತ್ತಾದದ್ದು, ಮರದೊಳಗಿನ ಇಂಗಾಲದಿಂದ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ಪರೀಕ್ಷೆಯಿಂದ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ಹಿರಿಯ ಮರಗಳ ನಂತರ ಯಾವ ಮರ? ನಾನು ಕಂಡ ಯಾವ ಮರದ ಕೆಳಗೂ ತಾನಾಗಿ ಹುಟ್ಟಿ ಬೆಳೆದ ಎಳೆಯ ಸಸಿಯೊಂದು ಕಣ್ಣಿಗೆ ಬಿದ್ದಿಲ್ಲ.

ನನ್ನ ತವರು ಸವಣೂರು. ಅಲ್ಲಿಯ ದೊಡ್ಡಹುಣಸೆ ಮಠದ ಮೂರು ಮರಗಳ ನೆರಳಲ್ಲಿ ಆಡಿ ಬೆಳೆದವಳು ನಾನು. 2023ರ ಜುಲೈ ಮಳೆಗೆ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಆ ಸುದ್ದಿ ಹೇಳಲು ಫೋನ್ ಮಾಡಿದ ಅವ್ವ, ಮನೆಯ ಹಿರಿಯರು ಬಿದ್ದರೆಂಬಂತೆ ಮಾತನಾಡಿದಳು. ಬೀಜ ಕೂಡಿಸುವ ಹುಚ್ಚು ನನಗೆ ಹತ್ತಿದ್ದು ಆಗಲೇ.

ಮೂಲತಃ ಇದು ಆಫ್ರಿಕಾದ ಮರ. 1749ರಲ್ಲಿ ಸೆನೆಗಲ್‌ನಲ್ಲಿ ಇದನ್ನು ಕಂಡು ವಿವರವಾಗಿ ಬರೆದ ಫ್ರೆಂಚ್ ವಿಜ್ಞಾನಿ ಮಿಶೆಲ್ ಅಡಾನ್ಸನ್‌ನ ಹೆಸರಿನಿಂದಲೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಅಡಾನ್ಸೋನಿಯಾ ಎಂದು ಕರೆದ. ಭಾರತಕ್ಕೆ ಇದು ಒಂದೇ ಸಲ ಬಂದದ್ದಲ್ಲ, ಆಫ್ರಿಕಾದ ಬೇರೆ ಬೇರೆ ಕಡೆಗಳಿಂದ ಹಲವು ಸಲ ಬಂದಿದೆ ಎಂದು 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿತು. ಹಾಯಿ ಹಡಗುಗಳ ಈ ಕರಾವಳಿಯಲ್ಲಿ ಅದು ನೆಲೆ ನಿಂತದ್ದರಲ್ಲಿ ಆಶ್ಚರ್ಯವೇನಿದೆ?

ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ಗಲಗಲ ಸದ್ದು. ಮೇಲೆ ಹಸಿರು ಮಿಶ್ರಿತ ಕಂದು ಬಣ್ಣದ ಮೆತ್ತನೆಯ ರೋಮ, ಅದರಡಿ ಗಟ್ಟಿ ಓಡು. ಕಲ್ಲಿನಿಂದ ಒಡೆದರೆ ಒಳಗೆ ಕೆಂಪು ನಾರುಗಳ ನಡುವೆ ಸುಣ್ಣದ ಉಂಡೆಗಳಂತೆ ಬಿಳಿಯ ತಿರುಳು. ಒಂದೊಂದು ಉಂಡೆಯೊಳಗೂ ಒಂದು ಬೀಜ. ತಿರುಳು ಹಣ್ಣಿನೊಳಗೇ ಒಣಗಿರುತ್ತದೆ, ನಾವು ಒಣಗಿಸಬೇಕಾದ್ದಿಲ್ಲ. ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರೆ ಕರಗುತ್ತಾ ಹೋಗಿ, ಕೊನೆಗೆ ಹುಳಿ ಕೆನ್ನೆಯವರೆಗೂ ಏರುತ್ತದೆ. ನಾನು ಉಂಡೆಗಳನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಬೆಲ್ಲ ಮತ್ತು ಏಲಕ್ಕಿ ಹಾಕಿ ಪಾನಕ ಮಾಡುತ್ತೇನೆ. ಮೇ ತಿಂಗಳಲ್ಲಿ ಲೋಕಲ್ ರೈಲಿನಿಂದ ಇಳಿದು ಬಂದವರಿಗೆ ಇದಕ್ಕಿಂತ ಒಳ್ಳೆಯ ಪಾನೀಯ ನನಗೆ ತಿಳಿಯದು. ವಿಟಮಿನ್ ಸಿ ಯಥೇಚ್ಛವಾಗಿದೆ. ಯುರೋಪ್ 2008ರಲ್ಲಿ ಈ ತಿರುಳನ್ನು ಹೊಸ ಆಹಾರವಾಗಿ ಒಪ್ಪಿಕೊಂಡ ಮೇಲೆ ಪುಡಿಯಾಗಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ನಮ್ಮಲ್ಲಿ ಅದೇ ಕಾಯಿ ಉದುರಿ ಬಿದ್ದು ಹಾಳಾಗುತ್ತದೆ.

ಪಶ್ಚಿಮ ಆಫ್ರಿಕಾದಲ್ಲಿ ಎಳೆಯ ಎಲೆಯನ್ನು ಸೊಪ್ಪಿನಂತೆ ಬೇಯಿಸುತ್ತಾರೆ, ಒಣಗಿಸಿ ಪುಡಿ ಮಾಡಿ ಸಾರಿಗೂ ಹಾಕುತ್ತಾರೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಸುಲಿದ ಜಾಗದಲ್ಲಿ ತೊಗಟೆ ಮತ್ತೆ ಬೆಳೆಯುತ್ತದೆ. ಸುಡಾನಿನ ಕೊರ್ಡೊಫಾನ್‌ನಲ್ಲಿ ಟೊಳ್ಳು ಕಾಂಡಗಳಲ್ಲಿ ಮಳೆನೀರು ತುಂಬಿಡುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯ ಮೀನುಗಾರರು ಒಣಕಾಯಿಯನ್ನು ಬಲೆಗೆ ತೇಲುಬುರುಡೆಯಾಗಿ ಕಟ್ಟುತ್ತಿದ್ದರು. ಮರಗೆಲಸಕ್ಕೆ ಮಾತ್ರ ಬಾರದು, ಒಳಗೆಲ್ಲ ಮೆತ್ತನೆಯ ನಾರು.

ಇನ್ನು ಬೆಳೆಸುವ ಬಗೆ. ಬೀಜದ ಸಿಪ್ಪೆ ಬಹಳ ಗಟ್ಟಿ, ಹಾಗೆಯೇ ಊರಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಒಂದು ಬದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಆರಿಸಿ, ಅರ್ಧ ಮರಳು ಬೆರೆತ ಮಣ್ಣಿನಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಿ. ಮೊದಲು ಬರುವ ಎಲೆಗಳು ಒಂಟಿ ಎಲೆಗಳು. ಬೆರಳು ಬಿಡಿಸಿದ ಅಂಗೈಯ ರೂಪ ಆಮೇಲೆ. ಇದು ಬೇರೆ ಗಿಡವೆಂದು ಕಿತ್ತುಹಾಕಬೇಡಿ. ತಾಯಿಬೇರು ಗಡ್ಡೆಯಾಗಿ ಇಳಿಯುವುದರಿಂದ ಅಗಲಕ್ಕಿಂತ ಆಳವಾದ ಚೀಲ ಬೇಕು. ಮುಂಬಯಿಯ ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಎಲೆ ಉದುರಿದ ಮೇಲೆ ನೀರನ್ನು ಬಹುತೇಕ ನಿಲ್ಲಿಸಿಬಿಡಬೇಕು. ಬೋಳಾದ ಗಿಡವನ್ನು ನೋಡಿ ಕನಿಕರದಿಂದ ನೀರು ಸುರಿಯುವವರೇ ಅದನ್ನು ಕೊಲ್ಲುವುದು.

ಬೀಜದಿಂದ ಬಂದ ಗಿಡ ಹೂ ಬಿಡಲು ಬಹಳ ವರ್ಷ ಕಾಯಿಸುತ್ತದೆ. ಕಸಿ ಕಟ್ಟಿದರೆ ಬೇಗ. ಸಂಜೆ ಅರಳುವ ದೊಡ್ಡ ಬಿಳಿ ಹೂವಿಗೆ ಬಾವಲಿಗಳು ಬರುತ್ತವೆ, ಮರುದಿನ ಹೂ ಕಂದಿ ಬೀಳುತ್ತದೆ.

ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯಂತೆ ಐವತ್ತು ವರ್ಷ ದಾಟಿದ ಮರ ಪಾರಂಪರಿಕ ಮರ. ಒಳ್ಳೆಯದು. ಆದರೆ ಮುಂದೆ ಐವತ್ತು ದಾಟಬೇಕಾದ ಮರಗಳನ್ನು ಇಂದು ಯಾರಾದರೂ ನೆಡಬೇಕಲ್ಲ? ರಸ್ತೆಬದಿಯ ಕಿರಿದಾದ ಗುಂಡಿ ಇದಕ್ಕೆ ಸಾಲದು. ಶಾಲೆಯ ಮೈದಾನ, ಕನ್ನಡ ಸಂಘದ ನಿವೇಶನ, ಊರಿನ ಹೊಲದ ಅಂಚು, ಯಾವುದಾದರೂ ಸರಿ. ಸುತ್ತ ಹತ್ತು ಮೀಟರ್ ಬಯಲಿರಲಿ, ತಲೆಯ ಮೇಲೆ ವಿದ್ಯುತ್ ತಂತಿ ಬೇಡ.

ನಮ್ಮ ಕಟ್ಟಡದ ತಾರಸಿಯ ಮೇಲೆ ಮೊಣಕಾಲೆತ್ತರದ ಸಸಿಗಳು ಸಿದ್ಧವಿವೆ. ಹಣ ಬೇಡ. ಜೂನ್ ಮೊದಲ ಮಳೆ ಬೀಳುವಷ್ಟರಲ್ಲಿ ನೆಡುವ ಜಾಗದ ಒಂದು ಚಿತ್ರ ಕಳುಹಿಸಿ, ನೋಡಿ ಹೇಳುತ್ತೇನೆ.