ಡೈನಮೋ ತೆಗೆಯೋ ಮುಂಚೆ

ಇವತ್ತು ಒಂದು ಮಾರಿಸ್ ಮೈನರ್ ನೋಡಿದೆ, ಹಳೇ ಬ್ರಿಟಿಷ್ ಕಾರು. ಪೇಂಟು, ಕ್ರೋಮ್ ಎಲ್ಲಾ ಕಂಪನಿಯಿಂದ ಬಂದ ಹಾಗೇ ಇದೆ. ಬಾನೆಟ್ ಎತ್ತಿದರೆ, ಬ್ಯಾಟರಿ ಚಾರ್ಜ್ ಮಾಡೋ ಹಳೇ ಡೈನಮೋ ಜಾಗದಲ್ಲಿ ಈಗಿನ ಕಾರುಗಳಲ್ಲಿರೋ ಥರದ ಹೊಸ ಆಲ್ಟರ್ನೇಟರ್.

ತಪ್ಪು ಅಂತ ಹೇಳಲ್ಲ. ಇಂಥ ಕಾರಿನ ಲೂಕಾಸ್ ಸಿ40 ಡೈನಮೋ ಓಡುವಾಗ ಸುಮಾರು 22 ಆಂಪ್ಸ್ ಕೊಡುತ್ತೆ, ಹಳೇ ಹೆಡ್‌ಲೈಟು, ವೈಪರ್‌ಗೆ ಧಾರಾಳ ಸಾಕು. ಆದರೆ ಐಡಲಿಂಗ್‌ನಲ್ಲಿ ಚಾರ್ಜ್ ಇಲ್ಲವೇ ಇಲ್ಲ ಅನ್ನಬೇಕು. ಸಂಜೆ ಲೈಟ್ ಹಾಕಿಕೊಂಡು ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತೆ.

ಎಡವೋದು ಎಲ್ಲಿ ಅಂದರೆ, ಈ ಕಾರು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಕಡೆ ಕಾರಿನ ಬಾಡಿ ಜೊತೆ ಸೇರಿರುತ್ತೆ. ಮಾಮೂಲಿ ಆಲ್ಟರ್ನೇಟರ್ ನೆಗೆಟಿವ್ ಅರ್ತ್. ಬ್ಯಾಟರಿಯ ಪ್ಲಸ್ ಮೈನಸ್ ತಿರುಗಿಸದೆ ವೈರ್ ಕೊಟ್ಟರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಅಲ್ಲೇ ಸುಟ್ಟುಹೋಗುತ್ತೆ. ಬ್ಯಾಟರಿ ಜೊತೆಗೆ ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರ್‌ಗಳನ್ನೂ ಅದಲು ಬದಲು ಮಾಡಬೇಕು, ಇಲ್ಲದಿದ್ದರೆ ಸ್ಪಾರ್ಕ್ ಸೊರಗುತ್ತೆ. ಬಲ್ಬುಗಳಿಗೆ ಯಾವ ಕಡೆಯಾದರೂ ಒಂದೇ.

ಹಾಗಂತ ಡೈನಮೋ ಕೆಟ್ಟಿದೆ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಬಹಳ ಸಲ ಸವೆದಿರೋದು ಅದರೊಳಗಿನ ಕಾರ್ಬನ್ ಬ್ರಷ್ ಮಾತ್ರ. ಶಾಫ್ಟ್ ತಿರುಗೋ ಹಿಂಬದಿ ಬುಷ್‌ಗೆ ಎಣ್ಣೆ ಬಿಡೋಕೆ ಪುಟ್ಟ ತೂತು ಇರುತ್ತೆ. ಸರ್ವೀಸ್‌ಗೊಮ್ಮೆ ಎರಡು ಮೂರು ಹನಿ ಎಂಜಿನ್ ಆಯಿಲ್, ಅಷ್ಟೇ. ಜಾಸ್ತಿ ಬಿಟ್ಟರೆ ಒಳಗೆ ಬ್ರಷ್ ಉಜ್ಜೋ ಭಾಗವಾದ ಕಮ್ಯುಟೇಟರ್ ಮೇಲೆ ಕೂತು ಚಾರ್ಜಿಂಗ್ ಹಾಳು.

ಬದಲಾಯಿಸಲೇಬೇಕು ಅಂದರೆ ಬೋಲ್ಟ್ ಬಿಚ್ಚಿ ವಾಪಸ್ ಹಾಕೋ ಹಾಗೆ ಮಾಡಿ. ಬ್ರ್ಯಾಕೆಟ್‌ಗೋಸ್ಕರ ಕಾರಿನ ಬಾಡಿಯಲ್ಲಿ ಹೊಸ ತೂತು ಕೊರೆಯಬೇಡಿ, ವೈರಿಂಗ್ ಕತ್ತರಿಸಬೇಡಿ. ಡೈನಮೋ ಚಾರ್ಜನ್ನ ಹತೋಟಿಯಲ್ಲಿಡೋ ರೆಗ್ಯುಲೇಟರ್ ಬಾಕ್ಸ್ ಅಲ್ಲೇ ಇರಲಿ, ವೈರ್ ಸೇರಿಸೋ ಜಂಕ್ಷನ್ ಆಗಿ ಕೆಲಸಕ್ಕೆ ಬರುತ್ತೆ. ಬಿಚ್ಚಿದ ಡೈನಮೋನ ಗುಜರಿಗೆ ಮಾತ್ರ ಹಾಕಬೇಡಿ ದಯವಿಟ್ಟು. ಪುಲ್ಲಿ, ಫ್ಯಾನ್ ಸಮೇತ ಎತ್ತಿಡಿ, ಕಾರು ಮಾರಿದರೆ ಜೊತೆಗೇ ಕೊಡಿ.