ತಾಜ್‌ನಲ್ಲಿ ಉಳಿಯೋದಾದರೆ ಹಳೇ ಕಟ್ಟಡದಲ್ಲೇ ಉಳಿಯಿರಿ

ಮುಂಬೈನ ತಾಜ್ ಮಹಲ್ ಪ್ಯಾಲೇಸ್‌ನಲ್ಲಿ ರೂಮ್ ಬುಕ್ ಮಾಡುವ ಮುಂಚೆ ಒಂದು ವಿಷಯ ಗಮನಿಸಿ. ಅಲ್ಲಿರೋದು ಒಂದೇ ಕಟ್ಟಡವಲ್ಲ. 1903ರ ಡಿಸೆಂಬರ್ 16ರಂದು ಬಾಗಿಲು ತೆರೆದ ಗುಮ್ಮಟದ ಕಟ್ಟಡ ‘ಪ್ಯಾಲೇಸ್ ವಿಂಗ್’. ಪಕ್ಕದಲ್ಲಿ 1970ರ ದಶಕದಲ್ಲಿ ಎದ್ದು ನಿಂತದ್ದು ‘ಟವರ್ ವಿಂಗ್’. ಟವರ್‌ನ ಬಾಡಿಗೆ ಸಾಮಾನ್ಯವಾಗಿ ಕಡಿಮೆ, ಅಲ್ಲಿಂದ ಸಮುದ್ರವೂ ಚೆನ್ನಾಗಿ ಕಾಣುತ್ತದೆ. ಆದರೆ ಕಟ್ಟಡ ನೋಡಲೆಂದೇ ಹೋಗುವವರಿಗೆ ಅದರಿಂದೇನು ಪ್ರಯೋಜನ? ಸಮುದ್ರ ಕಾಣದ ರೂಮಾದರೂ ಸರಿ, ಪ್ಯಾಲೇಸ್‌ನಲ್ಲೇ ತಗೊಳ್ಳಿ. ಮಳೆಗಾಲದಲ್ಲಿ ದರ ಸ್ವಲ್ಪ ಇಳಿದಿರುತ್ತದೆ. ನಾವು ಹೋದದ್ದೂ ಆಗಲೇ.

ರೂಮಿನೊಳಗೆ ಹೆಚ್ಚು ಹೊತ್ತು ಕೂರಬೇಡಿ. ಕೊಟ್ಟ ದುಡ್ಡು ವಸೂಲಾಗೋದು ಗುಮ್ಮಟದ ಕೆಳಗಿನ ಮೆಟ್ಟಿಲಿನಲ್ಲಿ. ಪ್ರತಿ ಮೆಟ್ಟಿಲಿನ ಒಂದು ತುದಿ ಗೋಡೆಯೊಳಗೆ ಹೂತಿದೆ, ಇನ್ನೊಂದು ತುದಿಗೆ ಕೆಳಗೆ ಕಂಬವೇ ಇಲ್ಲ. ಲಿಫ್ಟ್ ಬಿಟ್ಟು ನಡೆದೇ ಹತ್ತಿ. ಒಂದೊಂದು ಮಹಡಿಯಲ್ಲೂ ನಿಂತು ಕಟಕಟೆಗೆ ಒರಗಿ ಮೇಲೆ ಕೆಳಗೆ ನೋಡಿ. ಬೆಳಗಿನ ಜಾವ ಹೋದರೆ ಜನರ ಓಡಾಟ ಇರುವುದಿಲ್ಲ, ಯಾರಿಗೂ ಅಡ್ಡಿಯಾಗದೆ ನಿಂತು ನೋಡಬಹುದು. 2008ರ ದಾಳಿಯಲ್ಲಿ ಈ ಭಾಗಕ್ಕೇ ಬೆಂಕಿ ಬಿದ್ದಿತ್ತು. ದುರಸ್ತಿ ಮುಗಿದು ಮತ್ತೆ ತೆರೆದದ್ದು 2010ರ ಆಗಸ್ಟ್ 15ಕ್ಕೆ. ಪ್ರಾಣ ಕಳೆದುಕೊಂಡವರ ಹೆಸರುಗಳಿರುವ ಸ್ಮಾರಕವೂ ಒಳಗಿದೆ.

ತಾಜ್ ಎದುರಿನ ಗೇಟ್‌ವೇ ಆಫ್ ಇಂಡಿಯಾ ಕಮಾನಿನ ಹತ್ತಿರ ಯಾರನ್ನೇ ಮಾತಾಡಿಸಿ, ಒಂದು ಕಥೆ ಹೇಳುತ್ತಾರೆ: ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರೆಂದು ವಾಸ್ತುಶಿಲ್ಪಿ ಪ್ರಾಣ ಬಿಟ್ಟನಂತೆ. ಶುದ್ಧ ಸುಳ್ಳು. ವಿನ್ಯಾಸ ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಅವರದು. ಕಟ್ಟಡ ಮುಗಿಯುವ ಮುನ್ನವೇ ವೈದ್ಯ ಕಾಯಿಲೆಯಿಂದ ತೀರಿಕೊಂಡರು, ಡಬ್ಲ್ಯು. ಎ. ಚೇಂಬರ್ಸ್ ಪೂರ್ತಿ ಮಾಡಿದರು. (ಗೈಡ್‌ಗಳ ಬಾಯಲ್ಲಿ ವೈದ್ಯರ ಹೆಸರು ಬರೋದೇ ಅಪರೂಪ!) ಆಗ ಗೇಟ್‌ವೇ ಇರಲೇ ಇಲ್ಲ, ಅದು ಮುಗಿದದ್ದು 1924ರಲ್ಲಿ. ಗಾಡಿಗಳು ಬರುತ್ತಿದ್ದದ್ದು ಊರಿನ ಕಡೆಯಿಂದ, ಹಾಗಾಗಿ ಬಾಗಿಲೂ ಪಶ್ಚಿಮಕ್ಕೇ ಇತ್ತು. ಅಲ್ಲೀಗ ಈಜುಕೊಳ. ಅದರ ಪಕ್ಕ ನಿಂತು ನೋಡಿ: ಎರಡೂ ಕಡೆ ಚಾಚಿದ ರೆಕ್ಕೆಗಳು, ನಡುವೆ ಅಂಗಳ, ಹಿಂದೆ ಗುಮ್ಮಟ. ಮೂಲ ಯೋಜನೆ ಅರ್ಥವಾಗೋದು ಇಲ್ಲಿಂದಲೇ, ಪೋಸ್ಟ್‌ಕಾರ್ಡ್‌ನಲ್ಲಿ ಕಾಣೋ ಸಮುದ್ರದ ಕಡೆಯಿಂದಲ್ಲ.

ಹೊರಗೆ ಕಾಲಾಘೋಡಾದವರೆಗೆ ನಡೆಯಿರಿ. 1860ರ ದಶಕದ ವಾಟ್ಸನ್ಸ್ ಹೋಟೆಲ್ ಅಲ್ಲಿದೆ. ಅದರ ಎರಕಹೊಯ್ದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡ್‌ನಲ್ಲಿ ಮಾಡಿಸಿ ಹಡಗಿನಲ್ಲಿ ತಂದು ಜೋಡಿಸಿದ್ದು. ಈಗ ಶಿಥಿಲವಾಗಿದೆ, ದೂರದಿಂದಲೇ ನೋಡಬೇಕು.

ಅಷ್ಟು ದುಡ್ಡು ಸುರಿಯೋಕೆ ಮನಸ್ಸಿಲ್ಲದವರು ತಾಜ್‌ನ ಮೊದಲ ಮಹಡಿಯ ಸೀ ಲೌಂಜ್‌ಗೆ ಚಹಾಕ್ಕೆ ಹೋಗಬಹುದು. ಅದೂ ಅಗ್ಗವೇನಲ್ಲ, ಆದರೆ ಹಳೇ ಕಟ್ಟಡದ ಒಳಗೇ ಇದೆ. ಕಿಟಕಿ ಪಕ್ಕದ ಟೇಬಲ್ ಬೇಕಿದ್ದರೆ ಮೊದಲೇ ಫೋನ್ ಮಾಡಿ ಹೇಳಿ.