ಎಡ ತಿರುವಿಗೆ ಹತ್ತುವ ಹಳದಿ ದೀಪ

ತೀರ್ಥಹಳ್ಳಿ
ಆಗಸ್ಟ್ 9, 2025, ಶನಿವಾರ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಾಡುತ್ತಿದ್ದ ಹಳದಿ ಎಬಿಎಸ್ ದೀಪ ಇವತ್ತು ಆರಿತು. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆ. ಅದನ್ನು ನಡೆಸುವ ದುಬಾರಿ ಮಾಡ್ಯೂಲು, ಅಂದರೆ ಕಂಪ್ಯೂಟರ್ ಇರುವ ಭಾಗ, ಹಾಕಿಸದೆಯೇ ಆರಿತು. ಮಳೆಗಾಲದಲ್ಲಿ ಈ ದೀಪ ಕಂಡು ಗಾಬರಿಯಾಗುವವರು ನಮ್ಮ ಕಡೆ ಬಹಳ ಜನ. ಅವರಿಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗುರುವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕನನ್ನು ಕರೆತರಲು ಹೆಬ್ರಿಗೆ ಹೊರಟಿದ್ದೆ. ಆಗುಂಬೆ ಘಾಟಿಯಲ್ಲಿ ಜೋರು ಮಳೆ, ಎದುರಿಗೆ ಮಂಜು. ಹಿಮ್ಮುರಿ ತಿರುವೊಂದನ್ನು ದಾಟುವಾಗ ಹಳದಿ ದೀಪ ಹತ್ತಿತು. ಕೆಂಪು ಬ್ರೇಕ್ ದೀಪವೂ ಹತ್ತಿದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ. ಇದನ್ನು ನೋಡಿಕೊಳ್ಳುವುದು ತುಂಬಾ ಮುಖ್ಯ. ಹಳದಿ ಒಂದೇ ಇದ್ದರೆ ಎಬಿಎಸ್ ಮಾತ್ರ ಕೆಲಸ ನಿಲ್ಲಿಸಿರುತ್ತದೆ, ಮಾಮೂಲಿ ಬ್ರೇಕು ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಕೆಂಪು ದೀಪ ಹತ್ತಿದ್ದರೆ ಬ್ರೇಕ್ ಆಯಿಲ್ ಕಮ್ಮಿಯಾಗಿರಬಹುದು, ಬೇರೆ ದೊಡ್ಡ ತೊಂದರೆಯೂ ಇರಬಹುದು. ಆಗ ಗಾಡಿ ಓಡಿಸಲೇಬಾರದು.

ಎರಡನೇ ಗೇರಿಗೆ ಹಾಕಿ, ಬ್ರೇಕನ್ನು ಒಮ್ಮೆಲೇ ಒತ್ತದೆ ನಿಧಾನಕ್ಕೆ ಇಳಿದೆ. ಎಬಿಎಸ್ ಇಲ್ಲದಾಗ ಒದ್ದೆ ರಸ್ತೆಯಲ್ಲಿ ಬ್ರೇಕ್ ಅದುಮಿದರೆ ಚಕ್ರ ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದ ಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಜಾರುತ್ತದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಘಾಟಿಯವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.

ಹೆಬ್ರಿಯಲ್ಲಿ ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ದೀಪ ಮಾಯ. ವಾಪಸ್ ಘಾಟಿ ಹತ್ತುವಾಗ ಮತ್ತೆ ಬಂತು. ಪಕ್ಕದಲ್ಲಿದ್ದ ಅಕ್ಕ ಹೇಳಿದಳು, "ಎಡಕ್ಕೆ ತಿರುಗಿಸ್ದಾಗ್ಲೇ ಬಂತಲ್ಲೋ. ಬಲಕ್ಕೆ ತಿರುಗಿಸ್ದಾಗ ಇರ್ಲಿಲ್ಲ." ಆಗುಂಬೆ ಊರು ತಲುಪಿ, ಖಾಲಿ ಜಾಗದಲ್ಲಿ ನಿಧಾನವಾಗಿ ಸುತ್ತು ಹಾಕಿ ನೋಡಿದೆ. ಅಕ್ಕ ಹೇಳಿದ್ದೇ ನಿಜ. ಬಲಕ್ಕೆ ಎಷ್ಟು ತಿರುಗಿಸಿದರೂ ಏನೂ ಇಲ್ಲ. ಎಡಕ್ಕೆ ಪೂರ್ತಿ ತಿರುಗಿಸಿದರೆ ದೀಪ ಬರುತ್ತದೆ. ಅರ್ಧ ರಿಪೇರಿ ಅಲ್ಲೇ ಆಗಿತ್ತು ಅಂತ ಈಗ ಅನಿಸುತ್ತದೆ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಗಾಡಿ ನೋಡದೆಯೇ "ಎಬಿಎಸ್ ಮಾಡ್ಯೂಲ್ ಹೋಗಿರ್ಬೇಕು ಸಾರ್, ಚೇಂಜ್ ಮಾಡ್ಬೇಕಾಗುತ್ತೆ" ಅಂದರು. ಇದು ನನಗೆ ನಿಜಕ್ಕೂ ಬೇಸರ ತಂದಿತು. ದೀಪ ಯಾವಾಗ ಬರುತ್ತದೆ ಅಂತ ಒಂದು ಮಾತು ಕೇಳಬಹುದಿತ್ತು. ಮಾಡ್ಯೂಲ್ ಹೋಗಿದ್ದರೆ ಅದಕ್ಕೆ ಎಡ ಬಲ ಎಲ್ಲಿಂದ ಗೊತ್ತಾಗಬೇಕು?

ಇವತ್ತು ಬೆಳಗ್ಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ನನ್ನ ಹತ್ತಿರ ಮೊಬೈಲಿಗೆ ಕನೆಕ್ಟ್ ಆಗುವ ಚಿಕ್ಕ ಒಬಿಡಿ ಸ್ಕ್ಯಾನರ್ ಇದೆ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ. ಅದರಲ್ಲಿ ಏನೂ ತೋರಿಸಿರಲಿಲ್ಲ. ಅಂಥ ಕಮ್ಮಿ ಬೆಲೆಯವು ಹೆಚ್ಚಾಗಿ ಇಂಜಿನ್ನಿನ ಕೋಡ್ ಮಾತ್ರ ಓದುತ್ತವೆ. ಅವರ ಸ್ಕ್ಯಾನರ್ ಎಬಿಎಸ್ಸನ್ನೂ ಓದಿ ಸಿ0040 ಅಂತ ತೋರಿಸಿತು. ಅಂದರೆ ತೊಂದರೆ ಇರುವುದು ಮುಂದಿನ ಬಲ ಚಕ್ರದ ವೇಗ ಅಳೆಯುವ ಸ್ಪೀಡ್ ಸೆನ್ಸರ್ ಸರ್ಕ್ಯೂಟಿನಲ್ಲಿ.

"ಸೆನ್ಸರ್ ಸರ್ಕ್ಯೂಟ್ ಅಂದ್ರೆ ಸೆನ್ಸರ್ರೇ ಹೋಗಿದೆ ಅಂತ ಅಲ್ಲ ಮಾರಾಯ್ರೆ. ವೈರಿರಬಹುದು, ಕನೆಕ್ಟರಿರಬಹುದು, ಕೆಸರೂ ಇರಬಹುದು," ಅಂದರು. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟರು. ಸೆನ್ಸರಿನ ಸುತ್ತಲಿನ ಕೆಂಪು ಕೆಸರು ತೊಳೆದರು. ಕನೆಕ್ಟರ್ ಬಿಚ್ಚಿ ನೋಡಿದರು, ಒಳಗೆ ಒಣಗಿತ್ತು, ಹಸಿರು ಕಿಲುಬೂ ಇರಲಿಲ್ಲ. ನಾನು ಮಲ್ಟಿಮೀಟರ್ ತಂದಿದ್ದೆ, ಅದನ್ನು ಪಕ್ಕಕ್ಕಿಡಲು ಹೇಳಿದರು. ಈ ಗಾಡಿಯದು ಆಕ್ಟಿವ್ ಸೆನ್ಸರ್, ಅಂದರೆ ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವಂಥದ್ದು. ಹಳೆಯ ಕಾಯಿಲ್ ಸೆನ್ಸರ್ ಥರ ಓಮ್ ಅಳೆದು ಇದನ್ನು ಪರೀಕ್ಷೆ ಮಾಡಲು ಬರುವುದಿಲ್ಲ.

ಆಮೇಲೆ ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ಬೇರೆ ಬೇರೆ ಕಾಣುತ್ತದೆ. ಅವರು ಬಲ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಪರದೆಯ ಮೇಲೆ 3, 4, 3. ನಾನು ಸ್ಟೇರಿಂಗನ್ನು ಎಡಕ್ಕೆ ಎಳೆಯುತ್ತಾ ಹೋದೆ. ಚಕ್ರ ತಿರುಗುತ್ತಲೇ ಇದೆ, ಪರದೆಯಲ್ಲಿ ಮಾತ್ರ 0. ಸ್ವಲ್ಪ ಹಿಂದಕ್ಕೆ ಬಿಟ್ಟರೆ ಮತ್ತೆ 3. ಸೆನ್ಸರಿನಿಂದ ಬರುವ ವೈರು ಶಾಕ್ ಅಬ್ಸಾರ್ಬರಿನ ಪಕ್ಕ ಒಂದು ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಎಡಕ್ಕೆ ತಿರುಗಿದಾಗ ಅದು ಬಿಗಿಯುತ್ತದೆ. ಅಲ್ಲೇ ಬೆರಳಿಟ್ಟು ಬಗ್ಗಿಸಿದರು. 0. ಹೊರಗಿನ ರಬ್ಬರ್ ನೆಟ್ಟಗಿದೆ, ಒಳಗಿನ ತಾಮ್ರದ ಎಳೆ ತುಂಡಾಗಿದೆ. ಮೊಬೈಲ್ ಚಾರ್ಜರ್ ವೈರು ಬುಡದಲ್ಲಿ ಹೋಗುತ್ತದಲ್ಲ, ಹಾಗೆ.

ಬೆಸುಗೆ ಹಾಕಿದರೆ ಆಗಲ್ವಾ ಅಂತ ಕೇಳಿದೆ. "ಹಾಕಬಹುದು. ಆದ್ರೆ ಬಗ್ಗೋ ಜಾಗದಲ್ಲಿ ಸೋಲ್ಡರ್ ಹಾಕಿದ್ರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಬ್ರೇಕಿನ ವಿಷ್ಯ ಮಾರಾಯ್ರೆ, ಬೇಡ," ಅಂದರು. ಸೆನ್ಸರ್ ವೈರಿನ ಸಮೇತ ಒಂದೇ ಸೆಟ್ ಆಗಿ ಸಿಗುತ್ತದೆ. ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿದ್ದಕ್ಕೆ ಮಧ್ಯಾಹ್ನದ ಬಸ್ಸಿಗೆ ಹಾಕಿ ಕಳಿಸಿದರು.

ಹೊಸದು ಹಾಕಿ, ಕೋಡ್ ಅಳಿಸಿ, ಸ್ಟಾರ್ಟ್ ಮಾಡಿದರೆ ದೀಪ ಇನ್ನೂ ಹತ್ತಿಕೊಂಡೇ ಇತ್ತು. ನನ್ನ ಮುಖ ನೋಡಿ, "ಸ್ವಲ್ಪ ಓಡಿಸಿ" ಅಂದರು. ಎಷ್ಟೋ ಗಾಡಿಗಳಲ್ಲಿ ಸೆನ್ಸರ್ ಸರಿಯಾಗಿದೆ ಅಂತ ಕಂಪ್ಯೂಟರಿಗೆ ಖಾತ್ರಿಯಾಗಲು ಚಕ್ರ ಸ್ವಲ್ಪ ವೇಗದಲ್ಲಿ ಉರುಳಬೇಕು. ರಸ್ತೆಗೆ ಇಳಿದು 20 ಕಿ.ಮೀ. ವೇಗ ದಾಟುವಷ್ಟರಲ್ಲಿ ಆರಿತು. ಎಡಕ್ಕೆ ಪೂರ್ತಿ ಸುತ್ತು ಹಾಕಿದೆ. ಬರಲಿಲ್ಲ.

ಎಡ ಚಕ್ರದ ವೈರನ್ನೂ ಬಗ್ಗಿಸಿ ನೋಡಿದೆವು. ವೇಗ ಸರಿಯಾಗಿ ತೋರಿಸುತ್ತಿದೆ, ಆದರೆ ಕ್ಲಿಪ್ಪಿನ ಹತ್ತಿರ ರಬ್ಬರಿನಲ್ಲಿ ಸಣ್ಣ ಬಿರುಕು ಬಿಟ್ಟಿದೆ. ಗಣೇಶನ ಹಬ್ಬಕ್ಕೆ ಮತ್ತೆ ಘಾಟಿ ಇಳಿಯುವುದಿದೆ. ಅಷ್ಟರೊಳಗೆ ಅದನ್ನೂ ತರಿಸಿಡಲು ಹೇಳಿ ಬಂದಿದ್ದೇನೆ.